ಮಂಜುಗಡ್ಡೆ ಮೇಲೆ ಸಣ್ಣ ವಿಮಾನ ಇಳಿಯುವುದು ಎಷ್ಟು ಅಪಾಯ? ಅಕ್ಕನ ಮಗ ಅಂಟಾರ್ಕ್ಟಿಕಾಕ್ಕೆ ಹೊರಟಿದ್ದಾನೆ

ಚಳ್ಳಕೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗ ದಾವಣಗೆರೆಯಲ್ಲಿ ಹನ್ನೆರಡು ವರ್ಷದಿಂದ ಲಾರಿ, ಜೆಸಿಬಿ ಎಂಜಿನ್ ಕೆಲಸ ಮಾಡುತ್ತಿದ್ದಾನೆ. ಒಳ್ಳೆ ಕೆಲಸಗಾರ. ಈಗ ಅಂಟಾರ್ಕ್ಟಿಕಾದ ನಮ್ಮ ದೇಶದ ಮೈತ್ರಿ ಸಂಶೋಧನಾ ಕೇಂದ್ರದಲ್ಲಿ ವಾಹನ ನೋಡಿಕೊಳ್ಳುವ ಕೆಲಸಕ್ಕೆ ಆಯ್ಕೆಯಾಗಿದ್ದಾನೆ. ಮನೆಯಲ್ಲಿ ಎಲ್ಲರಿಗೂ ಖುಷಿ, ಅಕ್ಕನಿಗೆ ಮಾತ್ರ ನಿದ್ದೆಯಿಲ್ಲ.

ಕೇಪ್‌ಟೌನ್‌ನಿಂದ ದೊಡ್ಡ ವಿಮಾನದಲ್ಲಿ ಹೋಗಿ ಮಂಜುಗಡ್ಡೆ ಮೇಲೆ ಇಳಿಯುತ್ತಾರಂತೆ. ಅಲ್ಲಿಂದ ಒಳಗಿನ ಜಾಗಗಳಿಗೆ ಹೋಗಬೇಕಾದರೆ ಸಣ್ಣ ವಿಮಾನ. ಯಾರೋ ಅಕ್ಕನಿಗೆ ಒಂದು ವಿಡಿಯೋ ತೋರಿಸಿದ್ದಾರೆ. ಅದರಲ್ಲಿ ಪುಟ್ಟ ವಿಮಾನವೊಂದು ಹಿಮದಲ್ಲಿ ವಾಲಿಕೊಂಡು ನಿಂತಿದೆ. ಅವತ್ತಿನಿಂದ ಜಗಳೂರಿನಿಂದ ದಿನಾ ಫೋನು. "ನೆಲವೇ ಇಲ್ಲದ ಕಡೆ ವಿಮಾನ ಹೆಂಗೆ ಇಳೀತದೆ ಹೇಳು" ಅಂತ ಕೇಳುತ್ತಾಳೆ. ನಾನು ಗಣಿತದ ಮೇಷ್ಟ್ರು. ನನಗೂ ಸರಿಯಾಗಿ ಗೊತ್ತಿಲ್ಲ.

ಸುಮ್ನೆ "ಏನೂ ಆಗಲ್ಲ ಬಿಡು" ಅನ್ನುವ ಉತ್ತರ ಬೇಡ. ಅದನ್ನು ಅವಳು ನಂಬುವುದಿಲ್ಲ. ಇರುವ ಅಪಾಯ ಇರುವ ಹಾಗೇ ಹೇಳಿ. ಜತೆಗೆ ಆ ಪೈಲಟ್‌ಗಳು ಅದಕ್ಕೆ ಏನು ಮಾಡುತ್ತಾರೆ ಅನ್ನುವುದನ್ನೂ ಹೇಳಿ.

ಹಿರಿಯೂರು ನಿವೃತ್ತ

ಮೇಷ್ಟ್ರೇ, ನಿಮ್ಮ ಹುಡುಗನಿಗೆ ಮೊದಲು ಅಭಿನಂದನೆ ಹೇಳಿ. ನಾನು ವಾಯುಸೇನೆಯಲ್ಲಿ ಎಂಜಿನ್ ಟೆಕ್ನೀಷಿಯನ್ ಆಗಿದ್ದವನು. ಲಡಾಖ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಧ್ರುವಕ್ಕೆ ಹೋಗಿಲ್ಲ, ಆದರೆ ಚಳಿ ಎಂಜಿನ್‌ಗೆ ಏನು ಮಾಡುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ.

ಅಕ್ಕನವರಿಗೆ ಮೊದಲು ಇದನ್ನು ಹೇಳಿ. ಮಂಜುಗಡ್ಡೆ ಅಂದರೆ ಒಂದೇ ತರಹದ್ದಲ್ಲ. ಮೂರು ತರಹದ ನೆಲ ಇದೆ. ಒಂದು ನೀಲಿ ಮಂಜುಗಡ್ಡೆ. ಗಾಳಿ ಹಿಮವನ್ನೆಲ್ಲ ಗುಡಿಸಿಕೊಂಡು ಹೋಗಿ, ಅಡಿಯಲ್ಲಿರುವ ಹಳೆಯ ಗಟ್ಟಿ ಗಡ್ಡೆ ಕಾಣುವ ಜಾಗ. ಮೈತ್ರಿಯ ಹತ್ತಿರದ ನೋವೋ ರನ್‌ವೇ ಇಂಥದ್ದೇ. ಅಲ್ಲಿ ಇಲ್ಯುಷಿನ್-76ರಂಥ ಭಾರಿ ಜೆಟ್ ವಿಮಾನವೇ ಚಕ್ರದ ಮೇಲೆ ಇಳಿಯುತ್ತದೆ. ಗಟ್ಟಿತನದ ಚಿಂತೆ ಇಲ್ಲ, ಜಾರುವ ಚಿಂತೆ ಜಾಸ್ತಿ. ಬ್ರೇಕ್ ಒತ್ತಿದರೆ ಹಿಡಿಯುವುದು ಕಡಿಮೆ. ಅಡ್ಡಗಾಳಿ ಬೀಸಿದರೆ ವಿಮಾನ ಪಕ್ಕಕ್ಕೆ ಸರಿಯುತ್ತದೆ. ನಡುಬೇಸಿಗೆಯಲ್ಲಿ, ಅಂದರೆ ನಮ್ಮ ಡಿಸೆಂಬರ್-ಜನವರಿಯಲ್ಲಿ, ಮೇಲ್ಪದರ ಕರಗುತ್ತದೆ. ಆಗ ಹಾರಾಟವನ್ನೇ ನಿಲ್ಲಿಸಬೇಕಾಗುತ್ತದೆ. ಕೇಸಿ ಕೇಂದ್ರದ ಹತ್ತಿರ ಆಸ್ಟ್ರೇಲಿಯಾದವರು ಮಾಡಿದ ವಿಲ್ಕಿನ್ಸ್ ರನ್‌ವೇಗೂ ಇದೇ ತೊಂದರೆ.

ಎರಡನೆಯದು ಹಿಮದ ಬಯಲು. ಸಣ್ಣ ವಿಮಾನಗಳು ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದನೆಯ ಪಟ್ಟಿ, ಕಟ್ಟಿಕೊಂಡು ಇಳಿಯುವುದು ಇಲ್ಲಿ. ಮೂರನೆಯದು ಸಮುದ್ರದ ಮೇಲೆ ತೇಲುವ ಗಡ್ಡೆ. ಮೂರರಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ್ದು ಇದಕ್ಕೇ.

ನಿಮ್ಮ ಹುಡುಗ ಹೋಗುವಾಗ ಇಳಿಯುವುದು ಮೊದಲನೆಯ ತರಹದ ನೆಲದ ಮೇಲೆ. ಇದನ್ನು ಇವತ್ತೇ ಹೇಳಿಬಿಡಿ. ಅರ್ಧ ನಿದ್ದೆಯಾದರೂ ಬರುತ್ತದೆ.

ಬಿಇ ಎರಡನೇ ವರ್ಷ

ಸರ್, ಒಂದು ಡೌಟು. ನಮ್ಮ ಚಳ್ಳಕೆರೆ ಹತ್ತಿರದ ರನ್‌ವೇಯಲ್ಲೇ ಇಸ್ರೋದ ರೆಕ್ಕೆಯಿರುವ ಮರುಬಳಕೆ ವಾಹನ ಪುಷ್ಪಕ್ ತಾನಾಗಿ ಇಳಿಯಿತಲ್ವಾ? 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ. ಹೆಲಿಕಾಪ್ಟರ್‌ನಿಂದ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟರು. ಗಂಟೆಗೆ 300 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಬಂದು ಇಳಿಯಿತು. ಹಿಮದ ಮೇಲಿನ ಸಣ್ಣ ವಿಮಾನಕ್ಕೆ ಅಷ್ಟು ವೇಗವೇ ಇಲ್ಲ. ಹಾಗಿದ್ದರೂ ಅದು ಯಾಕೆ ಹೆಚ್ಚು ಕಷ್ಟ?

ಹಿರಿಯೂರು ನಿವೃತ್ತ

ಒಳ್ಳೆ ಪ್ರಶ್ನೆ ಮಗು. ಟ್ವಿನ್ ಆಟರ್ ಅನ್ನುವ ವಿಮಾನ ಧ್ರುವದ ಎತ್ತಿನಗಾಡಿ ಇದ್ದ ಹಾಗೆ. ಗಂಟೆಗೆ 120 ಕಿ.ಮೀ. ಆಸುಪಾಸಿನಲ್ಲಿ ಇಳಿಯುತ್ತದೆ. ನಾನೂರು ಮೀಟರ್ ಜಾಗ ಇದ್ದರೆ ಸಾಕು. ವೇಗ ಅದರ ಸಮಸ್ಯೆಯೇ ಅಲ್ಲ.

ಪುಷ್ಪಕ್ ಇಳಿದ ವರವು ಕಾವಲಿನ ರನ್‌ವೇಯ ಒಂದೊಂದು ಅಡಿಯೂ ಅಳತೆಯಾಗಿದೆ. ಎಷ್ಟು ಉದ್ದ, ಎಷ್ಟು ಗಟ್ಟಿ, ಗಾಳಿ ಯಾವ ಕಡೆಯಿಂದ, ಎಲ್ಲ ಗೊತ್ತು. ಹಿಮದ ಬಯಲಲ್ಲಿ ಪೈಲಟ್‌ಗೆ ಇದ್ಯಾವುದೂ ಗೊತ್ತಿರುವುದಿಲ್ಲ. ಅವನೇ ನೆಲವನ್ನು ಪರೀಕ್ಷೆ ಮಾಡಬೇಕು, ಅದೂ ಮೇಲಿನಿಂದ.

ಯೆಲ್ಲೊನೈಫ್‌ನಿಂದ ದಾವಣಗೆರೆಯವ

ಮೇಷ್ಟ್ರೇ, ನಾನು ಹುಟ್ಟಿ ಬೆಳೆದದ್ದು ದಾವಣಗೆರೆ ಪಿ.ಜೆ. ಬಡಾವಣೆ. ಈಗ ಉತ್ತರ ಕೆನಡಾದಲ್ಲಿ ಒಂದು ಸಣ್ಣ ವಿಮಾನ ಕಂಪನಿಯಲ್ಲಿ ಆರು ವರ್ಷದಿಂದ ನೆಲದ ಕೆಲಸ. ಪೈಲಟ್ ಅಲ್ಲ. ಸ್ಕೀ ಕಟ್ಟುವುದು, ಎಂಜಿನ್ ಬಿಸಿ ಮಾಡುವುದು, ಡ್ರಮ್ಮಿನಿಂದ ಎಣ್ಣೆ ತುಂಬುವುದು ನನ್ನ ಕೆಲಸ. ಹೆಪ್ಪುಗಟ್ಟಿದ ಕೆರೆಗಳ ಮೇಲೆ ಎಷ್ಟೋ ಸಲ ಇಳಿದಿದ್ದೇನೆ. ನಿಮ್ಮ ಅಕ್ಕನವರಿಗೆ ಹೇಳಬೇಕಾದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಮೊದಲನೆಯದು ಬೆಳಕು. ಮೋಡ ಕವಿದ ದಿನ ಆಕಾಶವೂ ಬಿಳಿ, ನೆಲವೂ ಬಿಳಿ. ನೆರಳೇ ಬೀಳುವುದಿಲ್ಲ. ದಿಬ್ಬ ಯಾವುದು, ಹಳ್ಳ ಯಾವುದು ಗೊತ್ತಾಗುವುದಿಲ್ಲ. ನೆಲ ಹತ್ತು ಅಡಿ ಕೆಳಗಿದೆಯೋ ನೂರು ಅಡಿ ಕೆಳಗಿದೆಯೋ ಕಣ್ಣಿಗೆ ತಿಳಿಯುವುದಿಲ್ಲ. ಹಾಲಿನ ಪಾತ್ರೆಯೊಳಗೆ ಕೂತ ಹಾಗೆ. ಅದಕ್ಕೇ ಪೈಲಟ್‌ಗಳು ಕಪ್ಪು ಚೀಲಗಳನ್ನು ಕೆಳಗೆ ಹಾಕಿ, ಅವುಗಳನ್ನು ನೋಡಿಕೊಂಡು ಇಳಿಯುತ್ತಾರೆ. ಕ್ಯಾಂಪಿನವರು ಮೊದಲೇ ಕಪ್ಪು ಚೀಲಕ್ಕೆ ಹಿಮ ತುಂಬಿ ಸಾಲಾಗಿ ಇಟ್ಟಿರುತ್ತಾರೆ. ಪಕ್ಕದಲ್ಲಿ ಬಂಡೆಯೋ ಮರದ ಸಾಲೋ ಇದ್ದರೆ ಅದೇ ದೊಡ್ಡ ಪುಣ್ಯ. ಅಂಟಾರ್ಕ್ಟಿಕಾದಲ್ಲಿ ಮರ ಎಲ್ಲಿಂದ ಬರಬೇಕು? ಹಾಗಾಗಿ ಅಲ್ಲಿ ಬೆಳಕು ಸರಿಯಿಲ್ಲದಿದ್ದರೆ ವಾಪಸ್ ಹೋಗುವುದೇ ನಿಯಮ.

ಎರಡನೆಯದು ಸಸ್ತ್ರುಗಿ. ಗಾಳಿ ಕೊರೆದು ಮಾಡಿದ ಹಿಮದ ಏಣುಗಳು. ನೇಗಿಲ ಸಾಲಿನ ಹಾಗೆ ಕಾಣುತ್ತವೆ, ಮುಟ್ಟಿದರೆ ಸಿಮೆಂಟಿನ ಹಾಗೆ ಗಟ್ಟಿ. ಸಾಲಿನ ಉದ್ದಕ್ಕೆ ಇಳಿದರೆ ಬರೀ ಕುಲುಕಾಟ. ಅಡ್ಡ ಇಳಿದರೆ ಸ್ಕೀ ಕಾಲೇ ಮುರಿಯಬಹುದು. ಮೂರನೆಯದು ಹಿಮದ ಕೆಳಗೆ ಅಡಗಿರುವ ಬಿರುಕು. ಮೇಲೆ ಹಿಮದ ತೆಳು ಸೇತುವೆ ಕಟ್ಟಿಕೊಂಡಿರುತ್ತದೆ. ಸೂರ್ಯ ತಗ್ಗಿನಲ್ಲಿರುವಾಗ ಓರೆ ಬೆಳಕಿಗೆ ಅದರ ಗುರುತು ಕಾಣುತ್ತದೆ, ನೆತ್ತಿ ಮೇಲೆ ಮೋಡ ಇದ್ದರೆ ಕಾಣುವುದಿಲ್ಲ.

ಹಾಗಾದರೆ ನೆಲ ಪರೀಕ್ಷೆ ಮಾಡುವುದು ಹೇಗೆ? ಹೊಸ ಜಾಗವಾದರೆ ಪೈಲಟ್ ನೇರ ಇಳಿಯುವುದಿಲ್ಲ. ಮೊದಲು ಮೇಲೆ ಸುತ್ತು ಹೊಡೆಯುತ್ತಾನೆ. ಆಮೇಲೆ ಸ್ಕೀಯನ್ನು ಹಿಮಕ್ಕೆ ತಾಗಿಸಿ, ವೇಗ ಬಿಡದೆ ಗೆರೆ ಎಳೆದ ಹಾಗೆ ಎಳೆದುಕೊಂಡು ಹೋಗಿ ಮತ್ತೆ ಮೇಲೇಳುತ್ತಾನೆ. ತಿರುಗಿ ಬಂದು ಆ ಗೆರೆಯನ್ನು ನೋಡುತ್ತಾನೆ. ಗೆರೆ ಬಿಳಿಯಾಗೇ ಇದ್ದರೆ ಸರಿ. ಕಪ್ಪಾಗುತ್ತಾ ಬಂದರೆ ಕೆಳಗಿನಿಂದ ನೀರು ಜಿನುಗುತ್ತಿದೆ ಅಂತ ಅರ್ಥ. ಅಲ್ಲಿ ಇಳಿಯುವುದಿಲ್ಲ. ನಾನು ಮೊದಲ ಸಲ ಇದನ್ನು ಕಿಟಕಿಯಿಂದ ನೋಡಿದಾಗ ಮೈ ಜುಮ್ ಅಂದಿತ್ತು. ಬೆಳ್ಳಗಿದ್ದ ಗೆರೆ ನಾವು ಒಂದು ಸುತ್ತು ಬರುವಷ್ಟರಲ್ಲಿ ಬೂದಿ ಬಣ್ಣ ಆಗಿತ್ತು. ಪೈಲಟ್ ಒಂದು ಮಾತೂ ಆಡದೆ ವಾಪಸ್ ತಿರುಗಿಸಿದರು.

ಕೆಲಸದ ಕರೆ ಬಂತು. ಉಳಿದದ್ದು ಆಮೇಲೆ ಬರೆಯುತ್ತೇನೆ.

ಎರೆಹೊಲದ ರೈತ ಮಹಿಳೆ

ಗೆರೆ ಕಪ್ಪಾಗುವ ವಿಷಯ ಓದಿ ನನಗೆ ನಮ್ಮ ಹೊಲ ನೆನಪಾಯಿತು. ನಮ್ಮದು ಎರೆ ಭೂಮಿ. ಮಳೆ ನಿಂತು ಎರಡು ದಿನ ಬಿಸಿಲು ಬಿದ್ದರೆ ಮೇಲೆ ಒಣಗಿದ ಹಾಗೆ ಕಾಣುತ್ತದೆ. ನಂಬಿ ಟ್ರ್ಯಾಕ್ಟರ್ ಇಳಿಸಿದರೆ ಅಚ್ಚಿನವರೆಗೂ ಹೂತುಹೋಗುತ್ತದೆ. ನಮ್ಮ ಮಾವ ಮೊದಲು ತಾವು ನಡೆದು ಹೋಗಿ, ಹಿಂದೆ ತಿರುಗಿ ತಮ್ಮ ಹೆಜ್ಜೆ ನೋಡುತ್ತಿದ್ದರು. ಹೆಜ್ಜೆಯಲ್ಲಿ ನೀರು ಒಸರಿದರೆ ಅವತ್ತು ಟ್ರ್ಯಾಕ್ಟರ್ ಇಲ್ಲ. ಮೇಷ್ಟ್ರೇ, ಅಕ್ಕನವರಿಗೆ ಇದನ್ನು ಹೇಳಿ. ಜಗಳೂರಿನವರಿಗೆ ತಕ್ಷಣ ಅರ್ಥವಾಗುತ್ತದೆ.

ಚಳ್ಳಕೆರೆ ಮೇಷ್ಟ್ರು

ಅಕ್ಕ, ನಿಮ್ಮ ಮಾತನ್ನು ಹಾಗೇ ಫೋನಿನಲ್ಲಿ ಓದಿ ಹೇಳಿದೆ. "ಹಂಗಾದ್ರೆ ಅವರೂ ನೆಲ ನೋಡೇ ಇಳೀತಾರೆ" ಅಂದಳು. ಎರಡು ವಾರದಲ್ಲಿ ಮೊದಲ ಸಲ ಅವಳ ದನಿ ಸ್ವಲ್ಪ ಹಗುರಾಗಿತ್ತು. ನಿಮಗೆ ಋಣಿ.

ಯೆಲ್ಲೊನೈಫ್‌ನಿಂದ ದಾವಣಗೆರೆಯವ

ಮುಂದುವರಿಸುತ್ತೇನೆ. ಎಲ್ಲರೂ ಇಳಿಯುವುದರ ಬಗ್ಗೆಯೇ ಕೇಳುತ್ತಾರೆ. ಆದರೆ ನನ್ನ ಅನುಭವದಲ್ಲಿ ನಿಜವಾದ ಕಷ್ಟ ಶುರುವಾಗುವುದು ವಿಮಾನ ನಿಂತ ಮೇಲೆ.

ಸ್ಕೀ ಹಿಮದ ಮೇಲೆ ಉಜ್ಜಿಕೊಂಡು ಬರುವಾಗ ಅದರ ಅಡಿ ಬಿಸಿಯಾಗುತ್ತದೆ. ತಾಗಿದ ಹಿಮ ಒಂದಿಷ್ಟು ಕರಗುತ್ತದೆ. ವಿಮಾನ ನಿಂತ ಕೂಡಲೇ ಆ ನೀರು ಮತ್ತೆ ಗಡ್ಡೆಯಾಗಿ ಸ್ಕೀಯನ್ನು ನೆಲಕ್ಕೆ ಅಂಟಿಸಿಬಿಡುತ್ತದೆ. ಆಮೇಲೆ ಎಂಜಿನ್ ಎಷ್ಟು ಕೂಗಿದರೂ ಕದಲುವುದಿಲ್ಲ. ಅದಕ್ಕೆ ನಿಲ್ಲಿಸುವಾಗ ಸ್ಕೀ ಅಡಿಗೆ ಹಲಗೆ ಅಥವಾ ಕಂಬ ಕೊಡುತ್ತೇವೆ. ಅಂಟಿಕೊಂಡರೆ ಮರದ ಸುತ್ತಿಗೆಯಿಂದ ಬಡಿಯುತ್ತೇವೆ. ಬಾಲ ಹಿಡಿದು ಅತ್ತಿತ್ತ ಅಲ್ಲಾಡಿಸುತ್ತೇವೆ.

ತೇಲುವ ಗಡ್ಡೆಯಾದರೆ ಇನ್ನೊಂದು ಲೆಕ್ಕ. ಓಡುವ ವಿಮಾನವನ್ನು ಹೊರುವ ಗಡ್ಡೆ, ನಿಂತ ವಿಮಾನವನ್ನು ಹೊತ್ತೇ ಹೊರುತ್ತದೆ ಅಂತ ಹೇಳಲಾಗದು. ಗಂಟೆಗಟ್ಟಲೆ ಒಂದೇ ಕಡೆ ಭಾರ ಬಿದ್ದರೆ ಗಡ್ಡೆ ನಿಧಾನಕ್ಕೆ ಕೆಳಗೆ ಬಾಗುತ್ತದೆ. ಆಮೇಲೆ ಮೇಲೆ ನೀರು ಬರುತ್ತದೆ. ಆದ್ದರಿಂದ ಆಗಾಗ ಜಾಗ ಬದಲಿಸಬೇಕು. ಸಮುದ್ರದ ಗಡ್ಡೆ ಕೆರೆಯ ಗಡ್ಡೆಗಿಂತ ಮೆದು, ಯಾಕೆಂದರೆ ಅದರೊಳಗೆ ಉಪ್ಪುನೀರಿನ ಸಣ್ಣ ಸಣ್ಣ ಗೂಡುಗಳಿರುತ್ತವೆ. ಹಲವು ವರ್ಷದ ಹಳೆಯ ಗಡ್ಡೆಯಲ್ಲಿ ಉಪ್ಪು ಇಳಿದುಹೋಗಿರುತ್ತದೆ, ಅದು ಗಟ್ಟಿ.

ಇನ್ನು ಗಾಳಿ. ಅಂಟಾರ್ಕ್ಟಿಕಾದಲ್ಲಿ ಎತ್ತರದ ಹಿಮದ ಬಯಲಿನಿಂದ ತಣ್ಣನೆಯ ಭಾರದ ಗಾಳಿ ಇಳಿಜಾರಿನಲ್ಲಿ ನೀರಿನ ಹಾಗೆ ಕರಾವಳಿಗೆ ಹರಿದು ಬರುತ್ತದೆ. 1929ರಲ್ಲಿ ಅಲ್ಲಿಗೆ ಹೋಗಿದ್ದ ಅಮೆರಿಕದ ಅನ್ವೇಷಕ ಬರ್ಡ್ ತಂಡದ ಒಂದು ಫೋಕರ್ ವಿಮಾನ ರಾಕ್‌ಫೆಲರ್ ಬೆಟ್ಟಗಳ ಹತ್ತಿರ ಇಳಿದು ನಿಂತಿತ್ತು. ಇಳಿಯುವಾಗ ಏನೂ ಆಗಲಿಲ್ಲ. ಬಿರುಗಾಳಿ ಬಂದು ಕಟ್ಟಿದ ಹಗ್ಗ ಸಮೇತ ಕಿತ್ತುಕೊಂಡು ಹೋಗಿ ಅದನ್ನು ನಾಶ ಮಾಡಿತು. ಜತೆಗಿದ್ದ ಮೂವರನ್ನು ಇನ್ನೊಂದು ವಿಮಾನ ಹೋಗಿ ಕರೆತಂದಿತು. ಅದಕ್ಕೇ ನಾವು ಹಿಮದಲ್ಲಿ ಗುಂಡಿ ತೋಡಿ, ಹಲಗೆಗೆ ಹಗ್ಗ ಕಟ್ಟಿ ಹೂಳುತ್ತೇವೆ. ಹಿಮ ಗಟ್ಟಿಯಾದ ಮೇಲೆ ಅದು ಗೂಟಕ್ಕಿಂತ ಭದ್ರ.

ಪಿಬಿ ರೋಡ್ ಗ್ಯಾರೇಜ್

ನಾನು ಲಾರಿ ಮೆಕ್ಯಾನಿಕ್. ಅಷ್ಟು ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಆಗುವುದು ಹೇಗೆ? ಆಯಿಲ್ ಹೆಪ್ಪುಗಟ್ಟಲ್ವಾ? ನಮ್ಮಲ್ಲಿ ಡಿಸೆಂಬರ್ ಬೆಳಗ್ಗೆ ಹಳೆ ಗಾಡಿ ಎತ್ತುವುದೇ ಕಷ್ಟ.

ಹಿರಿಯೂರು ನಿವೃತ್ತ

ಇದು ನನ್ನ ವಿಷಯ, ನಾನು ಹೇಳುತ್ತೇನೆ. ಹಳೆಯ ಕಾಲದ ಪೈಲಟ್‌ಗಳು ರಾತ್ರಿ ಎಂಜಿನ್ ನಿಲ್ಲಿಸಿದ ಕೂಡಲೇ, ಆಯಿಲ್ ಬಿಸಿ ಇರುವಾಗಲೇ ಡಬ್ಬಕ್ಕೆ ಇಳಿಸಿಕೊಳ್ಳುತ್ತಿದ್ದರು. ಅದನ್ನು ಗುಡಾರದೊಳಗೆ ಇಟ್ಟುಕೊಂಡು ಮಲಗುತ್ತಿದ್ದರು. ಬೆಳಗ್ಗೆ ಒಲೆ ಮೇಲೆ ಕಾಯಿಸಿ, ಎಂಜಿನ್‌ಗೆ ದಪ್ಪ ಬಟ್ಟೆ ಹೊದಿಸಿ, ಅಡಿಯಲ್ಲಿ ಸ್ಟೌ ಹಚ್ಚಿ ಬಿಸಿ ಮಾಡಿ, ಆಮೇಲೆ ಆಯಿಲ್ ಸುರಿಯುತ್ತಿದ್ದರು. ಬಟ್ಟೆಗೆ ಬೆಂಕಿ ಹತ್ತದಂತೆ ಒಬ್ಬರು ಕಾಯಲೇಬೇಕಿತ್ತು. ಈಗ ಬಿಸಿಗಾಳಿ ಊದುವ ಯಂತ್ರ ಇದೆ. ಕೆಲಸದ ಕ್ರಮ ಅದೇ.

ಇಂಧನವೂ ಬೇರೆ. ಮಾಮೂಲಿ ಜೆಟ್ ಇಂಧನ ಮೈನಸ್ 47 ಡಿಗ್ರಿ ಹೊತ್ತಿಗೆ ಹೆಪ್ಪಾಗುತ್ತದೆ. ಅಂಟಾರ್ಕ್ಟಿಕಾದಲ್ಲಿ ಅಮೆರಿಕದವರು ಬಳಸುವ ಎಎನ್-8 ಮೈನಸ್ 58ರವರೆಗೆ ತಡೆಯುತ್ತದೆ. ಎತ್ತರ ತೋರಿಸುವ ಮೀಟರ್ ಕೂಡ ಚಳಿಯಲ್ಲಿ ತಪ್ಪು ತೋರಿಸುತ್ತದೆ. ತಣ್ಣನೆ ಗಾಳಿ ಕುಗ್ಗಿರುತ್ತದೆ. ಮೈನಸ್ 40ರಲ್ಲಿ ಮೀಟರ್ 1000 ಅಡಿ ಅಂದರೆ ನಿಜವಾಗಿ ನೀವು 800 ಅಡಿಗಿಂತ ಕೆಳಗೇ ಇರುತ್ತೀರಿ. ಇದರ ಲೆಕ್ಕ ಹಾಕದೆ ಬೆಟ್ಟದ ಹತ್ತಿರ ಹೋಗುವ ಹಾಗಿಲ್ಲ.

ದುರ್ಗದ ಗ್ರಂಥಪಾಲಕ

ನಿಂತ ಮೇಲೆ ಕಷ್ಟ ಅಂದರಲ್ಲ, ಅದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳೇ ಇವೆ. ನನಗೆ ತುಂಬಾ ಇಷ್ಟದ ವಿಷಯ ಇದು.

1925ರ ಮೇ 21. ನಾರ್ವೆಯ ಅನ್ವೇಷಕ ಅಮುಂಡ್ಸೆನ್ ಮತ್ತು ಐವರು ಸಂಗಡಿಗರು ಎರಡು ಹಾರುವ ದೋಣಿಗಳಲ್ಲಿ, ಅಂದರೆ ನೀರಿನ ಮೇಲೂ ಇಳಿಯುವ ವಿಮಾನಗಳಲ್ಲಿ, ಉತ್ತರ ಧ್ರುವದ ಕಡೆ ಹೊರಟರು. ಎನ್-24, ಎನ್-25 ಅಂತ ಅವುಗಳ ಹೆಸರು. ಸುಮಾರು 88 ಡಿಗ್ರಿ ಅಕ್ಷಾಂಶದ ಹತ್ತಿರ ಗಡ್ಡೆಗಳ ನಡುವಿನ ನೀರಿನಲ್ಲಿ ಇಳಿದರು. ಎನ್-24 ಕೆಟ್ಟುಹೋಯಿತು. ಉಳಿದ ಒಂದರಲ್ಲೇ ಆರೂ ಜನ ವಾಪಸ್ ಬರಬೇಕು. ನೀರು ಹೆಪ್ಪುಗಟ್ಟಿತು, ಗಡ್ಡೆಗಳು ಒತ್ತಿಕೊಂಡು ಬಂದವು. ಓಡಿ ಮೇಲೇಳಲು ಜಾಗವೇ ಇಲ್ಲ.

ಅವರು ಏನು ಮಾಡಿದರು ಗೊತ್ತಾ? ನಮ್ಮ ರೈತರು ಕಣ ಮಾಡುವ ಹಾಗೆ ಅಲ್ಲೊಂದು ಕಣ ಮಾಡಿದರು. ರೋಣಗಲ್ಲು ಇಲ್ಲ. ಸಲಕರಣೆ ಅಂತ ಇದ್ದದ್ದೇ ಬೆರಳೆಣಿಕೆಯಷ್ಟು. ಐನೂರು ಟನ್‌ಗೂ ಜಾಸ್ತಿ ಗಡ್ಡೆ, ಹಿಮ ಸರಿಸಿದರು. ಮೆದು ಹಿಮವನ್ನು ಕಾಲಿನಿಂದ ತುಳಿದು ತುಳಿದು ಗಟ್ಟಿ ಮಾಡಿದರು. ಮಾಡಿದ ದಾರಿ ಬಿರುಕು ಬಿಡುವುದು, ಮತ್ತೆ ಬೇರೆ ಕಡೆ ಶುರು ಮಾಡುವುದು. ಹಲವು ಸಲ ಏಳಲು ಹೋಗಿ ಸೋತರು. ಕೊನೆಗೆ ಜೂನ್ 15ರಂದು, ಬಿಡಬಹುದಾದ ಸಾಮಾನನ್ನೆಲ್ಲ ಅಲ್ಲೇ ಬಿಟ್ಟು, ಪೈಲಟ್ ರೀಸರ್-ಲಾರ್ಸೆನ್ ವಿಮಾನ ಎಬ್ಬಿಸಿದರು. ಆರೂ ಜನ ಬದುಕಿ ಬಂದರು. ಇಳಿದದ್ದು ಕೆಲವೇ ನಿಮಿಷದಲ್ಲಿ. ಏಳುವುದಕ್ಕೆ ಮೂರೂವರೆ ವಾರ.

ಇನ್ನೊಂದು 1928ರದ್ದು. ಇಟಲಿಯ ನೊಬಿಲೆಯ ವಾಯುನೌಕೆ, ಅಂದರೆ ಅನಿಲ ತುಂಬಿ ಹಾರಿಸುವ ದೊಡ್ಡ ನೌಕೆ, ಉತ್ತರ ಧ್ರುವದ ಕಡೆ ಗಡ್ಡೆ ಮೇಲೆ ಬಿದ್ದು ಒಡೆದಿತ್ತು. ಬದುಕುಳಿದವರು ಒಂದು ಕೆಂಪು ಗುಡಾರದಲ್ಲಿ ಕಾಯುತ್ತಿದ್ದರು. ಸ್ವೀಡನ್ನಿನ ಪೈಲಟ್ ಲುಂಡ್‌ಬೋರ್ಗ್ ಜೂನ್ ಕೊನೆಯಲ್ಲಿ ಸ್ಕೀ ವಿಮಾನ ಇಳಿಸಿ ನೊಬಿಲೆಯನ್ನು ಕರೆದುಕೊಂಡು ಹೋದರು. ಉಳಿದವರಿಗಾಗಿ ಅದೇ ಜಾಗಕ್ಕೆ ಮತ್ತೆ ಬಂದರು. ಈ ಸಲ ವಿಮಾನ ಮಗುಚಿಕೊಂಡಿತು. ಕಾಪಾಡಲು ಬಂದವರೇ ಸಿಕ್ಕಿಬಿದ್ದರು. ಜುಲೈ 6ರಂದು ಇನ್ನೊಬ್ಬ ಪೈಲಟ್ ಪುಟ್ಟ ಮಾತ್ ವಿಮಾನದಲ್ಲಿ ಬಂದು ಅವರನ್ನು ಎತ್ತಿಕೊಂಡು ಹೋಗಬೇಕಾಯಿತು. ಉಳಿದವರನ್ನು ಕಾಪಾಡಿದ್ದು ಕ್ರಾಸಿನ್ ಅನ್ನುವ ಹಿಮ ಒಡೆಯುವ ಹಡಗು.

ಬಿಇ ಎರಡನೇ ವರ್ಷ

ಅವೆಲ್ಲ ನೂರು ವರ್ಷದ ಹಿಂದಿನ ಮಾತು ಸರ್. ಈಗ ಜಿಪಿಎಸ್ ಇದೆ, ಉಪಗ್ರಹದ ಚಿತ್ರ ಇದೆ, ಒಳ್ಳೆ ಎಂಜಿನ್ ಇದೆ. ಈಗಲೂ ಅಷ್ಟು ಹೆದರಬೇಕಾ?

ದುರ್ಗದ ಗ್ರಂಥಪಾಲಕ

ಹೆದರಬೇಕಾಗಿಲ್ಲ, ಆದರೆ ಹಗುರಾಗಿ ನೋಡುವ ಹಾಗೂ ಇಲ್ಲ. 1956ರ ಅಕ್ಟೋಬರ್ 31ರಂದು ದಕ್ಷಿಣ ಧ್ರುವದಲ್ಲಿ ಮೊದಲ ವಿಮಾನ ಇಳಿಯಿತು. ಅಮೆರಿಕದ ನೌಕಾಪಡೆಯದ್ದು, ಪೈಲಟ್ ಕಾನ್ರಾಡ್ ಶಿನ್. ಮೈನಸ್ 50 ಡಿಗ್ರಿ ಚಳಿ. ನೆಲದ ಮೇಲೆ ಇದ್ದದ್ದು 49 ನಿಮಿಷ. ಎಂಜಿನ್ ನಿಲ್ಲಿಸಿರಲಿಲ್ಲ. ಅಷ್ಟರಲ್ಲೇ ಸ್ಕೀ ಅಂಟಿಕೊಂಡಿತ್ತು. ಪೂರ್ತಿ ಶಕ್ತಿ ಕೊಟ್ಟರೂ ಕದಲಲಿಲ್ಲ. ಪಕ್ಕಕ್ಕೆ ಕಟ್ಟಿದ್ದ ಸಣ್ಣ ರಾಕೆಟ್‌ಗಳು ಹದಿನೈದು. ನಾಲ್ಕು ಹಚ್ಚಿದರು, ಆಗಲಿಲ್ಲ. ಕೊನೆಗೆ ಹದಿನೈದನ್ನೂ ಹಚ್ಚಿದ ಮೇಲೆ ಎದ್ದಿತು.

ಅದಾಗಿ 45 ವರ್ಷದ ಮೇಲೆ, 2001ರ ಏಪ್ರಿಲ್‌ನಲ್ಲಿ, ಧ್ರುವದ ಕೇಂದ್ರದಲ್ಲಿದ್ದ ಡಾಕ್ಟರ್ ರೊನಾಲ್ಡ್ ಶೆಮೆನ್‌ಸ್ಕಿ ಅವರಿಗೆ ಕಾಯಿಲೆಯಾಯಿತು. ಹೊರಗೆ ಕತ್ತಲು, ಮೈನಸ್ 60ರ ಆಸುಪಾಸು. ದೊಡ್ಡ ಹರ್ಕ್ಯುಲಿಸ್ ವಿಮಾನ ಆ ಚಳಿಗೆ ಬರಲಾಗದು. ಕೆನಡಾದ ಕೆನ್ ಬೋರೆಕ್ ಕಂಪನಿಯ ಟ್ವಿನ್ ಆಟರ್ ಅಂಟಾರ್ಕ್ಟಿಕಾದ ಅಂಚಿನಲ್ಲಿರುವ ರೊಥೆರಾ ಕೇಂದ್ರದಿಂದ ಸುಮಾರು 2400 ಕಿ.ಮೀ. ಹಾರಿ ಬಂದು ಕರೆದೊಯ್ದಿತು. ಆಗಲೂ ಸ್ಕೀ ಅಂಟಿಕೊಂಡಿತ್ತು ತಮ್ಮಾ. 1956ರಲ್ಲಿ ಏನಾಯಿತೋ ಅದೇ. ಅಷ್ಟು ಚಳಿಯಲ್ಲಿ ಹಿಮ ಹಿಮದ ಹಾಗೆ ಜಾರುವುದಿಲ್ಲ, ಮರಳಿನ ಹಾಗೆ ಹಿಡಿಯುತ್ತದೆ. ಆ ವಿಮಾನದ ಪೈಲಟ್‌ಗಳನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ಯೆಲ್ಲೊನೈಫ್‌ನಿಂದ ದಾವಣಗೆರೆಯವ

ಜಿಪಿಎಸ್ ಇದ್ದ ಕಾಲದಲ್ಲೇ, 2013ರ ಜನವರಿಯಲ್ಲಿ, ಅದೇ ಕಂಪನಿಯ ಒಂದು ಟ್ವಿನ್ ಆಟರ್ ದಕ್ಷಿಣ ಧ್ರುವದಿಂದ ಅಂಟಾರ್ಕ್ಟಿಕಾದ ಕರಾವಳಿಯ ಟೆರಾ ನೋವಾ ಕೊಲ್ಲಿಗೆ ಹೋಗುವಾಗ ಎಲಿಜಬೆತ್ ಪರ್ವತಕ್ಕೆ ಬಡಿಯಿತು. ಮೂವರೂ ತೀರಿಕೊಂಡರು. ಇಲ್ಲಿ ನಮ್ಮ ಕೆಲಸದವರ ನಡುವೆ ಆ ಮಾತು ಬಂದರೆ ಈಗಲೂ ಎಲ್ಲರೂ ಸುಮ್ಮನಾಗುತ್ತಾರೆ. ಮೇಷ್ಟ್ರೇ, ಇದನ್ನು ಅಕ್ಕನವರಿಗೆ ಹೇಳಬೇಕೋ ಬೇಡವೋ ನೀವೇ ನೋಡಿ. ಇರುವುದನ್ನು ಇರುವ ಹಾಗೆ ಹೇಳಿ ಅಂದಿರಿ, ಅದಕ್ಕೆ ಬರೆದೆ.

ಒಂದು ಮಾತು ಮಾತ್ರ ಖಂಡಿತ ಹೇಳಿ. ಅಲ್ಲಿ ಹಾರಾಟ ರದ್ದಾಗುವುದು ಮಾಮೂಲು. ಮೂರು ದಿನ, ಐದು ದಿನ ಕಾಯಿಸುತ್ತಾರೆ. ಅರ್ಧ ದಾರಿಯಿಂದ ವಾಪಸ್ ಬರುತ್ತಾರೆ. ಮಗ ಫೋನ್ ಮಾಡಿ "ಇವತ್ತೂ ಹೊರಡಲಿಲ್ಲಮ್ಮ" ಅಂದರೆ ಅಕ್ಕನವರು ಗಾಬರಿಯಾಗಬಾರದು. ಅಲ್ಲಿ ಯಾರೋ ತಮ್ಮ ಕೆಲಸ ಸರಿಯಾಗಿ ಮಾಡುತ್ತಿದ್ದಾರೆ ಅಂತ ತಿಳಿದುಕೊಳ್ಳಬೇಕು.

ಚಳ್ಳಕೆರೆ ಮೇಷ್ಟ್ರು

ನಿನ್ನೆ ಭಾನುವಾರ ಜಗಳೂರಿಗೆ ಹೋಗಿದ್ದೆ. ಎಲ್ಲವನ್ನೂ ಓದಿ ಹೇಳಿದೆ. 2013ರದ್ದನ್ನೂ ಹೇಳಿದೆ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಮುಚ್ಚಿಡದೆ ಹೇಳಿದ್ಯಲ್ಲ, ಒಳ್ಳೇದಾಯ್ತು" ಅಂದಳು. ಹೊರಡದ ದಿನ ಗಾಬರಿಯಾಗಬಾರದು ಅನ್ನುವ ಮಾತನ್ನು ಎರಡು ಸಲ ಓದಿಸಿದಳು.

ಹುಡುಗನಿಗೂ ಕಳಿಸಿದ್ದೆ. ಅವನ ಉತ್ತರ: "ಮಾಮ, ಹಲಗೆ ಕೊಡೋದು, ಎಂಜಿನ್ ಬಿಸಿ ಮಾಡೋದು ಎಲ್ಲ ನನ್ನ ಕೈಕೆಲಸವೇ. ಅವರ ಹತ್ತಿರ ಕೇಳಿ ಕಲಿತುಕೊಳ್ತೀನಿ." ಮುಂದಿನ ತಿಂಗಳು ಔಲಿಯಲ್ಲಿ ಹಿಮದ ತರಬೇತಿಗೆ ಹೋಗುತ್ತಾನೆ.

ಅಕ್ಕನದು ಇನ್ನೊಂದು ಪ್ರಶ್ನೆ ಉಳಿದಿದೆ, ಗ್ರಂಥಪಾಲಕರಿಗೆ. ಕಣ ಮಾಡಿದ ಆ ಆರು ಜನ ಅಷ್ಟು ದಿನ ಏನು ತಿಂದರು?

ದುರ್ಗದ ಗ್ರಂಥಪಾಲಕ

ಒಣಮಾಂಸ, ಕೊಬ್ಬು ಸೇರಿಸಿ ಮಾಡಿದ ಪೆಮ್ಮಿಕನ್ ಅನ್ನುವ ಉಂಡೆ ಇತ್ತು, ಅದನ್ನು ಬಿಸಿನೀರಿಗೆ ಹಾಕಿ ಗಂಜಿ ಮಾಡಿಕೊಳ್ಳುತ್ತಿದ್ದರು. ಓಟ್ಸ್ ಬಿಸ್ಕತ್ತು, ಚಾಕೊಲೇಟ್ ಇತ್ತು. ಎಷ್ಟು ದಿನ ಆಗುತ್ತದೋ ತಿಳಿಯದೆ ಮೊದಲ ದಿನಗಳಲ್ಲೇ ಪಾಲು ಕಡಿಮೆ ಮಾಡಿಕೊಂಡರು. ಅಷ್ಟು ತಿಂದುಕೊಂಡು ಅಷ್ಟು ಗಡ್ಡೆ ಹೊತ್ತರು.

ಚಳ್ಳಕೆರೆ ಮೇಷ್ಟ್ರು

ಓದಿ ಹೇಳಿದೆ. ಶೇಂಗಾ ಉಂಡೆ ಎಷ್ಟು ತಿಂಗಳು ಕೆಡದೆ ಇರುತ್ತದೆ ಅಂತ ಈಗ ಲೆಕ್ಕ ಹಾಕುತ್ತಿದ್ದಾಳೆ. ಯೆಲ್ಲೊನೈಫ್‌ನವರೇ, ಚಳಿಯಲ್ಲಿ ಬೆಲ್ಲ ತುಂಬಾ ಗಟ್ಟಿಯಾಗುತ್ತದೆಯಾ?

ಯೆಲ್ಲೊನೈಫ್‌ನಿಂದ ದಾವಣಗೆರೆಯವ

ಕಲ್ಲಾಗುತ್ತದೆ ಮೇಷ್ಟ್ರೇ. ಒಳಜೇಬಿನಲ್ಲಿ ಮೈಗೆ ತಾಗುವ ಹಾಗೆ ಇಟ್ಟುಕೊಳ್ಳಲು ಹೇಳಿ. ನಮ್ಮಮ್ಮ ಕಳಿಸಿದ್ದನ್ನು ನಾನು ಹಾಗೇ ಇಟ್ಟುಕೊಳ್ಳುವುದು.